ಎತ್ತಿಗೆ ಹಲ್ಲು, ಹಳೇ ವ್ಯಾನಿಗೆ ಎಫ್.ಸಿ. ಚೀಟಿ

ನಮ್ಮೂರು ಹೊಸದುರ್ಗ ತಾಲ್ಲೂಕಿನ ಮತ್ತೋಡು. ಹಿಂದೆ ಪಾಳೆಗಾರರು ಆಳಿದ ಊರು, ಗಾಜಿನ ಬಳೆಗೆ ಹೆಸರಾಗಿದ್ದ ಊರು. ಈಗ ನಾವೆಲ್ಲ ಮಳೆಯ ದಾರಿ ನೋಡುವವರು. ನನಗಿರುವುದು ಆರು ಎಕರೆ ಕೆಂಪು ನೆಲ. ರಾಗಿ, ಸಾವೆ, ಶೇಂಗಾ, ಸಾಲಿನ ನಡುವೆ ಅವರೆ, ತೊಗರಿ. ಮನೆ ಹಿಂದೆ ಐವತ್ತು ತೆಂಗು. ಕೊಳವೆಬಾವಿಯಲ್ಲಿ ಬೆರಳು ಗಾತ್ರ ನೀರಿರುವಷ್ಟು ದಿನ ಅರ್ಧ ಎಕರೆಯಲ್ಲಿ ಬದನೆ, ಮೆಣಸಿನಕಾಯಿ.

ನಾನು ಓದಿದ್ದು ಏಳನೇ ಕ್ಲಾಸು. ಆದರೆ ಎತ್ತು ಕೊಳ್ಳುವುದರಲ್ಲಿ ನನಗೆ ಮೋಸ ಮಾಡುವವರು ನಮ್ಮ ಸೀಮೆಯಲ್ಲಿ ಕಡಿಮೆ. ಎರಡು ಹಲ್ಲೋ, ನಾಲ್ಕು ಹಲ್ಲೋ, ಬಾಯಿಗೂಡಿದ್ದೋ ಎಂದು ತುಟಿ ಸರಿಸಿ ನೋಡುತ್ತೇನೆ. ಸುಳಿ ನೋಡುತ್ತೇನೆ. ನೊಗ ಕಟ್ಟಿ ನಾಲ್ಕು ಹೆಜ್ಜೆ ನಡೆಸುತ್ತೇನೆ. ಇಷ್ಟೆಲ್ಲ ಗೊತ್ತಿದ್ದ ನಾನು 2023ರಲ್ಲಿ ಹಳೇ ವ್ಯಾನು ಕೊಳ್ಳುವಾಗ ಬಣ್ಣ ನೋಡಿ ದುಡ್ಡು ಎಣಿಸಿಬಿಟ್ಟೆ. ಅದರ ಫಲ ನಾನೊಬ್ಬನೇ ಉಂಡಿದ್ದರೆ ಈ ಲೇಖನ ಬರೆಯುತ್ತಿರಲಿಲ್ಲ.

ಬಾಡಿಗೆಯ ಕಾಟ

ಬದನೆಕಾಯಿ ಹೊಸದುರ್ಗಕ್ಕೆ ಹೋಗಬೇಕು, ಕೊಬ್ಬರಿ ತಿಪಟೂರಿಗೆ ಹೋಗಬೇಕು, ಗೊಬ್ಬರ, ಹಿಂಡಿ ಊರಿಗೆ ಬರಬೇಕು. ಪ್ರತಿ ಸಲವೂ ಬಾಡಿಗೆ ಟೆಂಪೋ. ಹೊಸದುರ್ಗದ ಒಂದು ಟ್ರಿಪ್ಪಿಗೆ 1,100 ರೂಪಾಯಿ. ಮೆಣಸಿನಕಾಯಿ ಬೆಲೆ ಬಿದ್ದ ದಿನ ಮಾಲು ಮಾರಿದ ಹಣ ಬಾಡಿಗೆಗೇ ಸರಿಹೋಗುತ್ತಿತ್ತು. ಮಗ ಡ್ರೈವಿಂಗ್ ಕಲಿತಿದ್ದ. "ಅಪ್ಪಾ, ಒಂದು ಹಳೇ ಗಾಡಿ ತಗಂಡ್ರೆ ನಮ್ದೂ ಆತದೆ, ನಾಕು ಜನದ್ದೂ ಆತದೆ" ಎಂದ. ನನಗೂ ಸರಿ ಅನ್ನಿಸಿತು.

ಒಬ್ಬ ದಲ್ಲಾಳಿ ಸಿಕ್ಕ. ಗಾಡಿ 2009ನೇ ಇಸವಿಯದು. ಸಣ್ಣ ನಾಲ್ಕು ಗಾಲಿಯ ಸಾಮಾನು ವ್ಯಾನು, ಹಳದಿ ಬೋರ್ಡು. ಹೊಸದಾಗಿ ಬಣ್ಣ ಹೊಡೆಸಿದ್ದರು. ಕೀಲಿ ತಿರುಗಿಸಿದ ಕೂಡಲೇ ಸ್ಟಾರ್ಟ್ ಆಯಿತು.

"ಎಫ್.ಸಿ. ಐತೇನಪ್ಪಾ?" ಎಂದು ಕೇಳಿದ್ದೇನೋ ನಿಜ.

"ಕೊರೊನಾ ಟೈಮಲ್ಲಿ ಎಲ್ಲಾರ್ದೂ ನಿಂತೋಗಿತ್ತು ಯಜಮಾನ್ರೇ. ಒಂದಿನದ ಕೆಲ್ಸ. ನಾನೇ ಮಾಡಿಸ್ಕೊಡ್ತೀನಿ" ಎಂದ.

1,10,000 ರೂಪಾಯಿಗೆ ಮಾತಾಯಿತು. ಆರ್.ಸಿ. ಇನ್ನೂ ಬೇರೆ ತಾಲ್ಲೂಕಿನ ಯಾರದೋ ಹೆಸರಿನಲ್ಲಿತ್ತು. ಅವರು ಸಹಿ ಮಾಡಿದ ಖಾಲಿ ಫಾರಂಗಳನ್ನು ಕೊಟ್ಟು "ಯಾವಾಗ ಬೇಕಾದ್ರೂ ಹೆಸ್ರು ಮಾಡಿಸ್ಕಳಿ" ಎಂದ. ಜೂನ್ 12ಕ್ಕೆ ಗಾಡಿ ಮನೆಗೆ ಬಂತು. ಹೆಂಡತಿ ನಿಂಬೆಹಣ್ಣು ಇಟ್ಟು ಆರತಿ ಎತ್ತಿದಳು.

ಹದಿನಾರು ದಿನದ ಸಂಭ್ರಮ

ಜೂನ್ 28ರ ಸಂಜೆ ಮಗ ಹೊಸದುರ್ಗದಿಂದ ಗೊಬ್ಬರ ತುಂಬಿಕೊಂಡು ಬರುತ್ತಿದ್ದ. ಪಕ್ಕದಲ್ಲಿ ನಮ್ಮ ನೆರೆಮನೆಯ ಹುಡುಗ ಕುಳಿತಿದ್ದ. ಇಳಿಜಾರಿನಲ್ಲಿ ಬ್ರೇಕು ಒತ್ತಿದರೆ ಕಾಲು ಪೂರ್ತಿ ಕೆಳಗೆ ಹೋಯಿತು, ಗಾಡಿ ನಿಲ್ಲಲಿಲ್ಲ. ಎದುರಿಗೆ ಕುರಿ ಹಿಂಡು. ಮಗ ಎಡಕ್ಕೆ ಎಳೆದ. ವ್ಯಾನು ಹುಣಸೆಮರಕ್ಕೆ ಬಡಿಯಿತು. ಮಗನಿಗೆ ತರಚು ಗಾಯ. ಪಕ್ಕದ ಹುಡುಗನ ಬಲಗೈ ಎರಡು ಕಡೆ ಮುರಿಯಿತು.

ಆಸ್ಪತ್ರೆಗೆ 41,000 ರೂಪಾಯಿ ಆಯಿತು. ವಿಮೆ ಇದೆಯಲ್ಲ ಎಂದು ಕಾಗದ ತೆಗೆದರೆ ವಿಮೆ ಫೆಬ್ರವರಿಯಲ್ಲೇ ಮುಗಿದಿತ್ತು. ಎಫ್.ಸಿ. ಮುಗಿದದ್ದು 2022ರ ಏಪ್ರಿಲ್ 20ಕ್ಕೆ. ಕೊರೊನಾ ಕಾಲದಲ್ಲಿ ಸರ್ಕಾರ ಗಾಡಿ ಕಾಗದಗಳಿಗೆ ರಿಯಾಯಿತಿ ಕೊಟ್ಟಿದ್ದು ನಿಜ. 2020ರ ಫೆಬ್ರವರಿ 1ರ ನಂತರ ಮುಗಿದ ಕಾಗದಗಳು 2021ರ ಅಕ್ಟೋಬರ್ 31ರವರೆಗೆ ನಡೆಯುತ್ತವೆ ಎಂದಿತ್ತು. ಅದು ಮುಗಿದು ಸುಮಾರು ಆರು ತಿಂಗಳಾದ ಮೇಲೆ ಈ ಗಾಡಿಯ ಎಫ್.ಸಿ. ಮುಗಿದಿದೆ. ಚೀಟಿಯ ಮೇಲಿನ ತಾರೀಖನ್ನು ಒಂದು ಸಲ ಓದಿದ್ದರೆ ದಲ್ಲಾಳಿಯ ಸುಳ್ಳು ಅಲ್ಲೇ ಸಿಕ್ಕಿಬೀಳುತ್ತಿತ್ತು.

18,000 ಖರ್ಚು ಮಾಡಿ ರಿಪೇರಿ ಮಾಡಿಸಿ ಆಗಸ್ಟ್ 14ಕ್ಕೆ ಚಿತ್ರದುರ್ಗದ ಆರ್.ಟಿ.ಓ. ಕಚೇರಿಗೆ ಒಯ್ದೆವು. ಎಫ್.ಸಿ. ತಪ್ಪಿದ ಪ್ರತಿ ದಿನಕ್ಕೆ 50 ರೂಪಾಯಿ ಹೆಚ್ಚುವರಿ ಶುಲ್ಕ. 481 ದಿನಕ್ಕೆ 24,050 ರೂಪಾಯಿ. ಕಟ್ಟಲು ಸಿದ್ಧನಾಗಿದ್ದೆ. ಆದರೆ ಇನ್‌ಸ್ಪೆಕ್ಟರು ಗಾಡಿ ಕೆಳಗೆ ಬಗ್ಗಿ ನೋಡಿ, ಚಾಸಿಗೆ ಹಾಕಿದ ಹಳೇ ಬೆಸುಗೆಯನ್ನು ತೋರಿಸಿದರು. ಅದು ಮತ್ತೆ ಬಿರುಕು ಬಿಟ್ಟಿತ್ತು, ಮೇಲೆ ಹೊಸ ಬಣ್ಣ ಬಳಿದಿದ್ದರು. "ಇದು ರಸ್ತೆಗೆ ಆಗೋದಿಲ್ಲ" ಎಂದರು. ಆರ್.ಸಿ. ಮಾಲೀಕರನ್ನು ಹುಡುಕಿ, ಅವರ ಕೈಕಾಲು ಹಿಡಿದು ನೋಂದಣಿ ರದ್ದು ಮಾಡಿಸಿ, ಗುಜರಿಗೆ 32,000ಕ್ಕೆ ಕೊಟ್ಟೆ.

ಲೆಕ್ಕ ಹಾಕಿದರೆ 1,37,000 ರೂಪಾಯಿ ನಷ್ಟ. ಅದು ಹೇಗೋ ತೀರಿತು. ನೆರೆಮನೆಯ ಹುಡುಗನ ಬಲಗೈ ಮಾತ್ರ ಇವತ್ತಿಗೂ ಹೆಗಲಿಗಿಂತ ಮೇಲೆ ಏಳುವುದಿಲ್ಲ. ಕಣದಲ್ಲಿ ಮೂಟೆ ಎತ್ತುವಾಗ ಅವನು ದೂರ ನಿಲ್ಲುತ್ತಾನೆ. ನಾನು ಅವನ ಮುಖ ನೋಡುವುದಿಲ್ಲ.

ಎಫ್.ಸಿ. ಎಂದರೇನು?

ಬಾಡಿಗೆಗೆ ಓಡುವ ಹಳದಿ ಬೋರ್ಡಿನ ಗಾಡಿಗಳಿಗೆ 1988ರ ಮೋಟಾರು ವಾಹನ ಕಾಯ್ದೆಯ 56ನೇ ಕಲಮಿನ ಪ್ರಕಾರ ಅರ್ಹತಾ ಪತ್ರ ಬೇಕೇ ಬೇಕು. ಅದನ್ನೇ ನಾವು ಎಫ್.ಸಿ. ಎನ್ನುವುದು. ಬ್ರೇಕು, ಸ್ಟಿಯರಿಂಗು, ದೀಪ, ಟಯರು, ಹೊಗೆ, ಚಾಸಿ ಎಲ್ಲ ನೋಡಿ ಕೊಡುವ ಚೀಟಿ. ಅದು ಇಲ್ಲದ ಗಾಡಿ ಕಾನೂನಿನ ಕಣ್ಣಿಗೆ ಸರಿಯಾಗಿ ನೋಂದಣಿಯಾದ ಗಾಡಿಯೇ ಅಲ್ಲ.

2018ರ ನವೆಂಬರಿನಲ್ಲಿ ನಿಯಮ ಬದಲಾಯಿತು. ಅದಕ್ಕೆ ಮೊದಲು ಹೊಸ ಗಾಡಿಗೆ ಎರಡು ವರ್ಷ, ಆಮೇಲೆ ವರ್ಷಕ್ಕೊಂದು ಎಫ್.ಸಿ. ಇತ್ತು. ಈಗ ಗಾಡಿಗೆ ಎಂಟು ವರ್ಷ ಆಗುವವರೆಗೆ ಎರಡು ವರ್ಷಕ್ಕೊಮ್ಮೆ, ಎಂಟು ದಾಟಿದ ಮೇಲೆ ಪ್ರತಿ ವರ್ಷ. ಈ ಲೆಕ್ಕ ಗೊತ್ತಿದ್ದರೆ ಚೀಟಿ ಎಲ್ಲಿ ತಪ್ಪಿದೆ ಎಂಬುದು ನಮಗೇ ಕಾಣುತ್ತದೆ.

ಬಿಳಿ ಬೋರ್ಡಿನ ವ್ಯಾನಿನ ಕಥೆ ಬೇರೆ. ಅದಕ್ಕೆ ನೋಂದಣಿಯೇ 15 ವರ್ಷ. ಆಮೇಲೆ ಐದೈದು ವರ್ಷಕ್ಕೆ ನವೀಕರಣ. ನಡುವಿನ 15 ವರ್ಷ ಹೊಗೆ ತಪಾಸಣೆ ಬಿಟ್ಟರೆ ಯಾರೂ ಅದರ ಬ್ರೇಕು ಮುಟ್ಟಿ ನೋಡಿರುವುದಿಲ್ಲ. ನಮ್ಮ ಕಡೆ ಹಳೇ ಓಮ್ನಿಗಳು ಬೇಕಾದಷ್ಟು ಮಾರಾಟಕ್ಕಿವೆ. ಆ ವ್ಯಾನು ಹೊಸದಾಗಿ ಬರುವುದು 2019ರಲ್ಲೇ ನಿಂತಿತು. ಆದ್ದರಿಂದ ಇರುವುದೆಲ್ಲ ಹಳೆಯದೇ. ಅಂಥ ಗಾಡಿಗೆ ತೋರಿಸಲು ತಪಾಸಣೆಯ ಜಾತಕ ಇಲ್ಲ. ಅದನ್ನು ಮೆಕ್ಯಾನಿಕ್ಕನ ಕಣ್ಣಿನಿಂದಲೇ ಅಳೆಯಬೇಕು. 15 ವರ್ಷ ತುಂಬಿದ ಕಾರು, ವ್ಯಾನುಗಳ ನವೀಕರಣ ಶುಲ್ಕ 600 ರೂಪಾಯಿ ಇದ್ದದ್ದು 2022ರ ಏಪ್ರಿಲ್ 1ರಿಂದ 5,000 ಆಯಿತು. 20 ವರ್ಷ ದಾಟಿದವಕ್ಕೆ 2025ರಲ್ಲಿ ಇನ್ನೂ ಏರಿಸಿದ್ದಾರೆ. ಬಿಳಿ ಬೋರ್ಡಿನಲ್ಲಿ ಬಾಡಿಗೆ ಮಾಲು ಹೊಡೆಯುವಂತಿಲ್ಲ ಎಂಬುದೂ ನೆನಪಿರಲಿ.

ಇಂಗ್ಲೆಂಡಿನಲ್ಲಿ 1960ರಿಂದಲೇ ಇಂಥ ತಪಾಸಣೆ ಇದೆಯಂತೆ. ಅಲ್ಲಿ ಮೂರು ವರ್ಷ ದಾಟಿದ ಮನೆ ಕಾರನ್ನೂ ವರ್ಷಕ್ಕೊಮ್ಮೆ ನೋಡುತ್ತಾರೆ. ಯಾರು ಬೇಕಾದರೂ ಗಾಡಿ ನಂಬರು ಕೊಟ್ಟರೆ ಯಾವ ವರ್ಷ ಪಾಸು, ಯಾವ ವರ್ಷ ಫೇಲು, ಯಾಕೆ ಫೇಲು, ಆಗ ಎಷ್ಟು ಮೈಲಿ ಓಡಿತ್ತು ಎಲ್ಲವೂ ಬಿಟ್ಟಿಯಾಗಿ ಸಿಗುತ್ತದೆ. ನಮ್ಮಲ್ಲಿ ಫೋನಿನಲ್ಲಿ ಸಿಗುವುದು ಎಫ್.ಸಿ. ಎಲ್ಲಿಯವರೆಗೆ ಇದೆ ಎಂಬ ಒಂದು ತಾರೀಖು. ಹಿಂದಿನ ಕಥೆ ಬೇಕಾದರೆ ಹಳೇ ಚೀಟಿಗಳನ್ನೇ ಕೇಳಿ ನೋಡಬೇಕು.

ಎರಡನೇ ಸಲ ಹುಡುಕಿದ್ದು

ಒಂದು ವರ್ಷ ವ್ಯಾನಿನ ಮಾತೇ ಎತ್ತಲಿಲ್ಲ. 2024ರ ದೀಪಾವಳಿ ಆದ ಮೇಲೆ ಮತ್ತೆ ಹೊರಟೆವು. ಈ ಸಲ ಮೂರು ಮಂದಿ. ನಾನು, ಫೋನ್ ಹಿಡಿದ ಮಗ, ಹೊಸದುರ್ಗದ ಒಬ್ಬ ವಯಸ್ಸಾದ ಮೆಕ್ಯಾನಿಕ್ಕು. ಅವರಿಗೆ ದಿನಕ್ಕೆ 800 ರೂಪಾಯಿ ಕೂಲಿ, ಊಟ.

ಮೊದಲನೆಯ ವ್ಯಾನು ಥಳಥಳ ಅನ್ನುತ್ತಿತ್ತು. ಮಗ ಎಂ-ಪರಿವಾಹನ್ ಆಪಿನಲ್ಲಿ ನಂಬರು ಹೊಡೆದ. ಎಫ್.ಸಿ.ಗೆ ಇನ್ನು ಹನ್ನೆರಡೇ ದಿನ ಉಳಿದಿತ್ತು. "ಎಫ್.ಸಿ. ಮಾಡಿಸಿ ಕೊಡಿ, ಅದಕ್ಕೆ ಬೇರೆ ಐದು ಸಾವಿರ ಹೆಚ್ಚು ಕೊಡ್ತೀವಿ" ಎಂದೆ. ಮಾರುವವರು ಒಪ್ಪಲಿಲ್ಲ. ಐದು ಸಾವಿರ ಬೇಡ ಎನ್ನುವವನಿಗೆ ಒಳಗೆ ಐವತ್ತು ಸಾವಿರದ ಕೆಲಸ ಇದೆ ಎಂದು ಮೆಕ್ಯಾನಿಕ್ಕು ಎದ್ದರು.

ಎರಡನೆಯದು ಬಿಳಿ ಬೋರ್ಡು, ಹದಿನಾರು ವರ್ಷದ್ದು. ನವೀಕರಣವೇ ಆಗಿರಲಿಲ್ಲ. ಚಹಾ ಕುಡಿದು ಬಂದೆವು.

ಮೂರನೆಯದು ನೋಡಲು ಚೆನ್ನಾಗಿತ್ತು, ಈಗಿನ ಎಫ್.ಸಿ.ಯೂ ಇತ್ತು. ಹಳೇ ಚೀಟಿ ಕೇಳಿದೆ. ತಂದುಕೊಟ್ಟರು. ಒಂದೊಂದಾಗಿ ಜೋಡಿಸಿದಾಗ ನಡುವೆ ಒಂದು ವರ್ಷ ನಾಲ್ಕು ತಿಂಗಳು ಖಾಲಿ. ಕೊರೊನಾ ಕಾಲವೂ ಅಲ್ಲ. "ಆಗ ಗಾಡಿ ಎಲ್ಲಿತ್ತು?" ಎಂದೆ. ಮೊದಲು ಮಗಳ ಮದುವೆ ಎಂದರು, ಆಮೇಲೆ ಡ್ರೈವರ್ ಇರಲಿಲ್ಲ ಎಂದರು. ಅವರ ತಂದೆ ಜಗಲಿಯ ಮೇಲೆ ಕುಳಿತಿದ್ದವರು "ಪಲ್ಟಿ ಆಗಿತ್ತಲ್ಲೋ, ಯಾಕೆ ಸುಳ್ಳು ಹೇಳ್ತೀಯ" ಎಂದುಬಿಟ್ಟರು. ಪುಣ್ಯಾತ್ಮರು.

ನಾಲ್ಕನೆಯದು 2016ರ ಸೆಪ್ಟೆಂಬರಿನ ಗಾಡಿ. ಒಬ್ಬರೇ ಮಾಲೀಕರು, ಹಾಲಿನ ಕ್ಯಾನು ಹೊಡೆಯುತ್ತಿದ್ದವರು. ಒಂದು ಪ್ಲಾಸ್ಟಿಕ್ ಚೀಲದಲ್ಲಿ ಎಲ್ಲ ಕಾಗದ ಇಟ್ಟಿದ್ದರು. ಹೊಸದರಲ್ಲಿ 2018ರ ಸೆಪ್ಟೆಂಬರಿನವರೆಗೆ ಎರಡು ವರ್ಷ. ಆಗಿನ ನಿಯಮದಂತೆ ಒಂದು ವರ್ಷಕ್ಕೆ ಮಾಡಿಸಿದ್ದು 2019ರ ಸೆಪ್ಟೆಂಬರಿಗೆ ಮುಗಿಯಿತು. ಹೊಸ ನಿಯಮ ಬಂದಿತ್ತು, ಮತ್ತೆ ಎರಡು ವರ್ಷ, 2021ರ ಸೆಪ್ಟೆಂಬರಿಗೆ. ಮುಂದಿನದು ಅಕ್ಟೋಬರಿನಲ್ಲಿ ಮಾಡಿಸಿದ್ದಾರೆ. ಒಂದು ತಿಂಗಳು ತಡ, ಆದರೆ ಅದು ಕೊರೊನಾ ರಿಯಾಯಿತಿಯ ಒಳಗೇ ಇದೆ. ಅಲ್ಲಿಂದ 2023ರ ಅಕ್ಟೋಬರಿಗೆ, ಅಲ್ಲಿಂದ 2025ರ ಅಕ್ಟೋಬರಿಗೆ. ಸರಪಳಿ ಎಲ್ಲೂ ಕಡಿದಿಲ್ಲ.

ಬಣ್ಣ ಮಾಸಿತ್ತು. ಬಾಗಿಲು ಒಂದು ಕಡೆ ನೆಗ್ಗಿತ್ತು. 1,95,000ಕ್ಕೆ ಅದನ್ನೇ ಕೊಂಡೆವು.

ಚೀಟಿಯೊಂದೇ ಸಾಲದು

ಎಫ್.ಸಿ. ಹೇಳುವುದು ತಪಾಸಣೆಯ ದಿನ ಗಾಡಿ ಹೇಗಿತ್ತು ಎಂಬುದನ್ನು ಮಾತ್ರ. ಆ ದಿನಕ್ಕೆ ಒಳ್ಳೇ ಟಯರು ಎರವಲು ಹಾಕಿ ಮಾರನೇ ದಿನ ಬಿಚ್ಚುವವರೂ ಇದ್ದಾರೆ ಎಂದು ಮೆಕ್ಯಾನಿಕ್ಕು ಹೇಳಿದರು. ಅವರು ನೋಡಿದ ಕ್ರಮ ಇದು:

1. ಬೆಳಿಗ್ಗೆ ಇಂಜಿನ್ ತಣ್ಣಗಿರುವಾಗಲೇ ಹೋಗಿ ಸ್ಟಾರ್ಟ್ ಮಾಡಿ. ನಾವು ಬರುವ ಮೊದಲೇ ಬಿಸಿ ಮಾಡಿಟ್ಟಿದ್ದರೆ ಅನುಮಾನ ಪಡಿ.

2. ಗಾಡಿ ಕೆಳಗೆ ಗೋಣಿ ಹಾಸಿ ಮಲಗಿ ಚಾಸಿ ನೋಡಿ. ತುಕ್ಕು, ಬೆಸುಗೆ, ಅಲ್ಲಲ್ಲಿ ಮಾತ್ರ ಬಳಿದ ಹೊಸ ಬಣ್ಣ ಇವೇ ಮುಖ್ಯ. ಹಿಂದಿನ ಪಟ್ಟಿಗಳು ಚಪ್ಪಟೆಯಾಗಿದ್ದರೆ ಅತಿ ಭಾರ ಹೊತ್ತ ಗಾಡಿ.

3. ಚಾಸಿ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲಿನಿಂದ ಉಜ್ಜಿ ಅಚ್ಚು ತೆಗೆಯಿರಿ. ಆರ್.ಸಿ.ಯ ಜೊತೆ ಒಂದೊಂದು ಅಕ್ಷರವನ್ನೂ ಹೋಲಿಸಿ. ಇಂಜಿನ್ ನಂಬರನ್ನೂ ಹಾಗೆಯೇ ನೋಡಿ.

4. ಟಯರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಎಂದಿದ್ದರೆ 2019ನೇ ಇಸವಿಯ 23ನೇ ವಾರ ತಯಾರಾದದ್ದು. ಗುಂಡಿ ಉಳಿದಿದ್ದರೂ ರಬ್ಬರು ಮುದಿಯಾಗಿರಬಹುದು.

5. ಖಾಲಿ ರಸ್ತೆಯಲ್ಲಿ, ಸ್ವಲ್ಪ ಭಾರ ಹಾಕಿಕೊಂಡು ಬ್ರೇಕು ಒತ್ತಿ ನೋಡಿ. ಖಾಲಿ ಗಾಡಿ ಯಾವ ಬ್ರೇಕಿಗೂ ನಿಲ್ಲುತ್ತದೆ.

ಹಣ ಕೊಡುವ ಮೊದಲು ಹೆಸರು

ನನ್ನ ಅಕ್ಕನ ಅಳಿಯ ವಕೀಲ. ಮೊದಲ ಸಲದ ಕಥೆ ಕೇಳಿ, "ಮಾವಾ, ಆ ದಿನ ಕುರಿಯವನಿಗೆ ಏನಾದ್ರೂ ಆಗಿದ್ದರೆ ಕೇಸು ಇನ್ನೂ ಸಿಕ್ಕಾಗುತ್ತಿತ್ತು" ಎಂದ. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ತೀರ್ಪನ್ನು ವಿವರಿಸಿದ. ಒಂದು ಕಾರು 2007ರಲ್ಲಿ ಮಾರಾಟವಾಗಿ ಕೈಯಿಂದ ಕೈಗೆ ಹೋಗಿತ್ತು. 2009ರಲ್ಲಿ ಅಪಘಾತವಾಯಿತು. ನೋಂದಣಿ ಮಾತ್ರ ಮೊದಲನೆಯವರ ಹೆಸರಿನಲ್ಲೇ ಇತ್ತು. ಪರಿಹಾರದ ಹೊಣೆ ನೋಂದಣಿಯಲ್ಲಿ ಹೆಸರಿರುವವರದೇ ಎಂದು ಕೋರ್ಟ್ ಹೇಳಿತು. ಅಂದರೆ ಖಾಲಿ ಫಾರಮ್ಮಿಗೆ ಸಹಿ ಹಾಕಿ ಕೊಡುವುದು ಮಾರುವವರಿಗೂ ಉರುಳು. ನಾಳೆ ನಾವೇ ಗಾಡಿ ಮಾರುವಾಗ ಇದು ನೆನಪಿರಬೇಕು.

ನಾವು ಮಾಡಿದ್ದು ಇಷ್ಟು. ಆರ್.ಟಿ.ಓ. ಕಚೇರಿಯಿಂದ ಬಿ ಎಕ್ಸ್‌ಟ್ರ್ಯಾಕ್ಟ್ ತೆಗೆಸಿದೆವು. ಅದರಲ್ಲಿ ಮಾಲೀಕರ ಹೆಸರು, ಗಾಡಿಯ ಮೇಲಿನ ಸಾಲ ಗೊತ್ತಾಗುತ್ತದೆ. ಸಾಲದ ನಮೂದು ಇದ್ದರೆ ಸಾಲ ಕೊಟ್ಟವರ ಎನ್.ಓ.ಸಿ. ಮತ್ತು ಫಾರಂ 35 ಬೇಕು. ಸಾಲ ತೀರಿಸಿದ್ದೇನೆ ಎಂಬ ಬಾಯಿಮಾತು ನಡೆಯುವುದಿಲ್ಲ. ಮಾರಾಟಕ್ಕೆ ಫಾರಂ 29 ಮತ್ತು 30. ಕೊಂಡವರು 30 ದಿನದೊಳಗೆ ಹೆಸರು ಬದಲಾವಣೆಗೆ ಅರ್ಜಿ ಹಾಕಬೇಕು. ವಿಮೆಯನ್ನು ನಮ್ಮ ಹೆಸರಿಗೆ ಮಾಡಿಸಲು 14 ದಿನದೊಳಗೆ ವಿಮಾ ಕಂಪನಿಗೆ ತಿಳಿಸಬೇಕು. ಬೇರೆ ರಾಜ್ಯದ ಗಾಡಿಯಾದರೆ ಫಾರಂ 28ರ ಎನ್.ಓ.ಸಿ. ಇಲ್ಲದೆ ಮುಂದೆ ಹೋಗಬೇಡಿ. ಟ್ಯಾಕ್ಸ್, ಹೊಗೆ ತಪಾಸಣೆ, ಪೊಲೀಸರ ದಂಡ ಬಾಕಿ ಇದೆಯೇ ಎಂದು ಫೋನಿನಲ್ಲೇ ನೋಡಬಹುದು.

ಮುಂಗಡ 20,000 ಕೊಟ್ಟು ರಸೀದಿ ಪಡೆದೆ. ಮಾಲೀಕರನ್ನು ಜೊತೆಯಲ್ಲೇ ಚಿತ್ರದುರ್ಗಕ್ಕೆ ಕರೆದೊಯ್ದೆ. ಅರ್ಜಿ ಕಚೇರಿಗೆ ಸಂದ ಮೇಲೆ ಅಲ್ಲೇ ಹೋಟೆಲಿನಲ್ಲಿ ಊಟ ಹಾಕಿಸಿ ಉಳಿದ ಹಣ ಎಣಿಸಿದೆ.

ಎರಡು ಸಮಾಧಾನದ ಮಾತೂ ಹೇಳಬೇಕು. ತೂಕ ಸೇರಿ 3,000 ಕಿಲೋ ಮೀರದ ಸಾಮಾನು ಗಾಡಿಗೆ ಪರ್ಮಿಟ್ ಬೇಕಿಲ್ಲ. ನಮ್ಮ ಸಣ್ಣ ವ್ಯಾನುಗಳು ಇದರೊಳಗೇ ಬರುತ್ತವೆ. ಇನ್ನು ಲೈಸೆನ್ಸು. ಲಘು ವಾಹನದ ಲೈಸೆನ್ಸ್ ಇದ್ದವರು 7,500 ಕಿಲೋವರೆಗಿನ ಹಳದಿ ಬೋರ್ಡು ಗಾಡಿಯನ್ನೂ ಓಡಿಸಬಹುದು ಎಂದು 2024ರ ನವೆಂಬರ್ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಹೇಳಿದೆ.

ಕೊಳ್ಳಬೇಕೇ, ಬೇಡವೇ?

ವಿಮೆ, ಹೆಸರು ಬದಲಾವಣೆ, ಎರಡು ಟಯರು ಸೇರಿ ನನಗೆ ಇನ್ನೂ 31,000 ಬಿತ್ತು. ಒಟ್ಟು 2,26,000. ಮೊದಲು ವರ್ಷಕ್ಕೆ ಸುಮಾರು 70 ಟ್ರಿಪ್ಪು, 77,000 ಬಾಡಿಗೆ ಕೊಡುತ್ತಿದ್ದೆ. 2025ರಲ್ಲಿ ಡೀಸೆಲು, ರಿಪೇರಿ, ವಿಮೆ ಎಲ್ಲ ಸೇರಿ 58,000 ಖರ್ಚು. ಅಕ್ಕಪಕ್ಕದವರ ಮಾಲಿನಿಂದ 27,000 ಬಂತು. ಅಂದರೆ ವರ್ಷಕ್ಕೆ 46,000 ಉಳಿತಾಯ. ಹಾಕಿದ ಹಣ ತಿರುಗಿ ಬರಲು ಐದು ವರ್ಷ ಬೇಕು. ಮಗನ ದುಡಿಮೆಗೆ ಕೂಲಿ ಹಿಡಿದಿಲ್ಲ. ವರ್ಷಕ್ಕೆ 40 ಟ್ರಿಪ್ಪೂ ಇಲ್ಲದವರು ಬಾಡಿಗೆ ಗಾಡಿಗೇ ಹೋಗುವುದು ಲೇಸು ಎಂದು ನನ್ನ ಅಭಿಪ್ರಾಯ. ನಾಲ್ಕು ಮನೆಯವರು ಕೂಡಿ ಕೊಂಡರೆ ಇನ್ನೂ ಒಳ್ಳೆಯದು.

2025ರ ಅಕ್ಟೋಬರಿನಲ್ಲಿ ಈ ವ್ಯಾನಿಗೆ ನಾನೇ ಎಫ್.ಸಿ. ಮಾಡಿಸಿದೆ. ಎಂಟು ವರ್ಷ ದಾಟಿದ್ದರಿಂದ ಇನ್ನು ಮೇಲೆ ವರ್ಷಕ್ಕೊಂದು. ಹಿಂದಿನ ಮಾಲೀಕರು ಕೊಟ್ಟ ಅದೇ ಪ್ಲಾಸ್ಟಿಕ್ ಚೀಲದಲ್ಲಿ ಹೊಸ ಚೀಟಿಯನ್ನೂ ಸೇರಿಸಿಟ್ಟಿದ್ದೇನೆ. ನಾಳೆ ಯಾರಾದರೂ ಕೊಳ್ಳಲು ಬಂದರೆ ಬಾಯಿಮಾತು ಹೇಳದೆ ಆ ಚೀಲವನ್ನೇ ಮುಂದಿಡಬೇಕು.

ಕಳೆದ ತಿಂಗಳು ನೆರೆಮನೆಯ ಆ ಹುಡುಗನಿಗೆ ಹಳೇ ಆಟೋ ಕೊಳ್ಳುವ ಯೋಚನೆ ಬಂತು. ನನ್ನ ಹತ್ತಿರವೇ ಬಂದ. "ದೊಡ್ಡಪ್ಪಾ, ನೀವೂ ಬಂದು ಚೀಟಿ ನೋಡ್ಬೇಕು" ಎಂದ. ಮೂರು ದಿನ ಅವನ ಜೊತೆ ಸುತ್ತಿದೆ. ಎರಡು ಆಟೋ ಬೇಡ ಎಂದಿದ್ದೇವೆ. ಇನ್ನೂ ಹುಡುಕುತ್ತಿದ್ದೇವೆ.